ಮಂಡಿಯ ಒಳಪೊರೆಯ ಗಡ್ಡೆ: ಪತ್ತೆಯಿಂದ ಮರುತಪಾಸಣೆಯವರೆಗೆ

ಏಟು ಬಿದ್ದಿಲ್ಲ, ಜ್ವರವಿಲ್ಲ, ಮೈಯ ಬೇರೆ ಕೀಲುಗಳೆಲ್ಲ ನೆಟ್ಟಗಿವೆ. ಒಂದು ಮಂಡಿ ಮಾತ್ರ ತಿಂಗಳುಗಟ್ಟಲೆ ಊದುತ್ತದೆ, ಇಳಿಯುತ್ತದೆ, ಮತ್ತೆ ಊದುತ್ತದೆ. ಸೂಜಿ ಹಾಕಿ ನೀರು ತೆಗೆದರೆ ತಿಳಿ ಹಳದಿ ದ್ರವದ ಬದಲು ಕಂದುಗೆಂಪಿನದು ಬರುತ್ತದೆ. 20ರಿಂದ 50ರೊಳಗಿನ ವಯಸ್ಸಿನವರಲ್ಲಿ ಇಷ್ಟು ಕಂಡರೆ, ಸಂಧಿವಾತವೆಂದು ಮಾತ್ರೆ ಬರೆಯುವ ಮೊದಲು ಕೀಲಿನ ಒಳಪೊರೆಯಲ್ಲಿ ಹುಟ್ಟುವ ಒಂದು ಅಪರೂಪದ ಗಡ್ಡೆಯನ್ನು ನೆನೆಯಬೇಕು: ಟೆನೊಸೈನೋವಿಯಲ್ ಜಯಂಟ್ ಸೆಲ್ ಟ್ಯೂಮರ್, ಚಿಕ್ಕದಾಗಿ ಟಿಜಿಸಿಟಿ.

1941ರಲ್ಲಿ ಜಾಫೆ, ಲಿಕ್ಟನ್‌ಸ್ಟೈನ್ ಮತ್ತು ಸುಟ್ರೊ ಇದಕ್ಕೆ ಇಟ್ಟ ಹೆಸರು ಪಿಗ್ಮೆಂಟೆಡ್ ವಿಲ್ಲೊನಾಡ್ಯುಲರ್ ಸೈನೊವೈಟಿಸ್, ಅಂದರೆ ಪಿವಿಎನ್‌ಎಸ್. ಆಗ ಇದನ್ನು ಉರಿಯೂತವೆಂದು ತಿಳಿದಿದ್ದರು. ಇಂದಿಗೂ ಎಷ್ಟೋ ವರದಿಗಳಲ್ಲಿ ಹಳೆಯ ಹೆಸರೇ ಇರುತ್ತದೆ. ಒಂದು ಕಾಗದದಲ್ಲಿ ಅದು, ಇನ್ನೊಂದರಲ್ಲಿ ಇದು ಕಂಡರೆ ಗಾಬರಿಯಾಗಬೇಡಿ, ಕಾಯಿಲೆ ಒಂದೇ. ಉರಿಯೂತ ಅದರ ಹೊರರೂಪ ಮಾತ್ರ. ಒಳಪೊರೆಯ ಕೆಲವೇ ಜೀವಕೋಶಗಳಲ್ಲಿ 1ನೇ ಕ್ರೋಮೋಸೋಮಿನ ಸಿಎಸ್‌ಎಫ್1 ಜೀನ್ ಮುರಿದು ಬೇರೆಡೆ, ಹೆಚ್ಚಾಗಿ 2ನೇ ಕ್ರೋಮೋಸೋಮಿಗೆ, ಅಂಟಿಕೊಳ್ಳುತ್ತದೆ. ಆ ಕೋಶಗಳು ಸಿಎಸ್‌ಎಫ್1 ಪ್ರೋಟೀನನ್ನು ಮಿತಿಮೀರಿ ಸುರಿಸುತ್ತವೆ. ಅದರ ಕರೆಗೆ ಓಗೊಟ್ಟು ಮ್ಯಾಕ್ರೊಫೇಜ್ ಎಂಬ ರೋಗನಿರೋಧಕ ಕೋಶಗಳು ಹಿಂಡುಹಿಂಡಾಗಿ ಬಂದು ಸೇರುತ್ತವೆ. ಗಡ್ಡೆಯ ಬಹುಪಾಲು ಹೀಗೆ ಬಂದು ಠಿಕಾಣಿ ಹೂಡಿದ ನೆಂಟರೇ. ಮನೆಯವರು ಕೆಲವರು ಮಾತ್ರ. ಔಷಧದ ವಿಚಾರಕ್ಕೆ ಬಂದಾಗ ಈ ಸಂಗತಿ ಮತ್ತೆ ಬೇಕಾಗುತ್ತದೆ.

ಇದು ಕ್ಯಾನ್ಸರ್ ಅಲ್ಲ. ಬೇರೆ ಅಂಗಕ್ಕೆ ಹರಡುವ ಮಾರಕ ರೂಪ ಇದೆ, ಆದರೆ ತೀರ ವಿರಳ. ಇದು ಹಾಳುಮಾಡುವುದು ಕೀಲನ್ನು. ಹಾಗಾಗಿ ಪ್ರತಿ ಹಂತದಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ಈಗ ಮಾಡಹೊರಟ ಚಿಕಿತ್ಸೆಯಿಂದ ಮಂಡಿ ಇಂದಿಗಿಂತ ಚೆನ್ನಾಗಿ ಬಾಗೀತೇ, ಭಾರ ಹೊತ್ತೀತೇ? ಎಂಆರ್‌ಐ ಚಿತ್ರ ಸ್ವಚ್ಛವಾಗಿ ಮಂಡಿ ಸೆಟೆದು ನಿಂತರೆ ಅದನ್ನು ಗೆಲುವು ಎನ್ನಲಾಗದು.

ಯಾವ ಬಗೆ ಎಂಬುದು ಮೊದಲು ಗೊತ್ತಾಗಬೇಕು

ಒಂದು ಬಗೆಯಲ್ಲಿ ಗಡ್ಡೆ ಗಂಟಿನ ಹಾಗೆ ಒಂದೇ ಜಾಗದಲ್ಲಿರುತ್ತದೆ, ಕೆಲವೊಮ್ಮೆ ತೊಟ್ಟಿನಿಂದ ನೇತಾಡುತ್ತದೆ. ಮಂಡಿ ನಡುನಡುವೆ ಸಿಕ್ಕಿಹಾಕಿಕೊಳ್ಳುವುದು, ಕಟಕ್ಕೆನ್ನುವುದು ಇದರ ಲಕ್ಷಣ. ಮೆನಿಸ್ಕಸ್, ಅಂದರೆ ಮಂಡಿಯೊಳಗಿನ ಮೃದ್ವಸ್ಥಿಯ ಮೆತ್ತೆ, ಹರಿದಿದೆ ಎಂದು ತಪ್ಪು ತಿಳಿಯುವುದು ಇಲ್ಲಿಯೇ. ಒಮ್ಮೆ ನೀಟಾಗಿ ತೆಗೆದರೆ ಬಹುತೇಕ ಮುಗಿಯಿತು. ಇನ್ನೊಂದು ಬಗೆ ಇಡೀ ಒಳಪೊರೆಯನ್ನು ಪಾಚಿಯಂತೆ ಆವರಿಸುತ್ತದೆ, ಮಂಡಿಯ ಹಿಂಭಾಗಕ್ಕೆ, ಕೆಲವೊಮ್ಮೆ ಕೀಲಿನ ಹೊರಗಿನ ಸ್ನಾಯುಗಳ ನಡುವೆಯೂ ಇಳಿಯುತ್ತದೆ. ಮುಂದೆ ಹೇಳುವುದರಲ್ಲಿ ಹೆಚ್ಚಿನ ಪಾಲು ಈ ಹರಡಿದ ಬಗೆಗೆ ಸಂಬಂಧಿಸಿದ್ದು, ಕಷ್ಟ ಇರುವುದು ಅಲ್ಲಿಯೇ.

ಎಕ್ಸ್‌ರೇ ಮೊದಲ ಪರೀಕ್ಷೆ, ಆದರೆ ಅದು ಸರಿಯಾಗಿದ್ದರೆ ಏನೂ ಇಲ್ಲವೆಂದು ಅರ್ಥವಲ್ಲ. ಮಂಡಿಯ ಕುಹರ ವಿಶಾಲವಾಗಿರುವುದರಿಂದ ಗಡ್ಡೆ ಮೂಳೆ ಕೊರೆಯಲು ವರ್ಷಗಳೇ ಹಿಡಿಯಬಹುದು. ಎಕ್ಸ್‌ರೇಯಿಂದ ಸಿಗುವ ಉಪಯೋಗದ ಸುಳಿವು ಬೇರೆ: ಸುಣ್ಣದ ಕಲೆಗಳು ಕಂಡರೆ ಟಿಜಿಸಿಟಿಯ ಸಾಧ್ಯತೆ ತಗ್ಗುತ್ತದೆ. ಒಳಪೊರೆಯಲ್ಲಿ ಮೃದ್ವಸ್ಥಿಯ ಗುಂಡುಗಳು ಹುಟ್ಟುವ ಸೈನೋವಿಯಲ್ ಕಾಂಡ್ರೊಮಾಟೋಸಿಸ್‌ನಲ್ಲಿ ಸುಣ್ಣ ಕಟ್ಟುವುದುಂಟು. ಸೈನೋವಿಯಲ್ ಸಾರ್ಕೋಮಾ ಎಂಬ ನಿಜವಾದ ಕ್ಯಾನ್ಸರಿನಲ್ಲೂ ಅದು ಕಾಣಬಹುದು. ಆದ್ದರಿಂದ ಆ ಕಲೆಗಳನ್ನು ಕಡೆಗಣಿಸುವ ಹಾಗಿಲ್ಲ.

ನಿರ್ಣಾಯಕ ಚಿತ್ರ ಎಂಆರ್‌ಐ. ಒಳಗೆ ಮತ್ತೆಮತ್ತೆ ರಕ್ತ ಒಸರಿ ಹೀಮೊಸಿಡೆರಿನ್ ಎಂಬ ಕಬ್ಬಿಣದಂಶ ಗಡ್ಡೆಯಲ್ಲಿ ಕೂತಿರುತ್ತದೆ. ಹಾಗಾಗಿ ಟಿ1, ಟಿ2 ಎಂಬ ಎರಡು ಬಗೆಯ ಎಂಆರ್‌ಐ ಚಿತ್ರಗಳಲ್ಲೂ ಗಡ್ಡೆ ಕಪ್ಪಾಗಿ ಕಾಣುತ್ತದೆ. ಗ್ರೇಡಿಯೆಂಟ್ ಎಕೊ ಎಂಬ ಕ್ರಮದಲ್ಲಿ ತೆಗೆದಾಗ ಆ ಕಪ್ಪು ಇನ್ನೂ ಹಿಗ್ಗಿದಂತೆ ತೋರುತ್ತದೆ. ಮಂಡಿಯ ಮಾಮೂಲಿ ಎಂಆರ್‌ಐಯಲ್ಲಿ ಈ ಕ್ರಮ ಬಿಟ್ಟುಹೋಗುವುದುಂಟು, ಆದ್ದರಿಂದ ಟಿಜಿಸಿಟಿ ಸಂಶಯವಿದೆ ಎಂದು ಚೀಟಿಯಲ್ಲಿ ಬರೆಸಿ, ಗ್ರೇಡಿಯೆಂಟ್ ಎಕೊ ಬೇಕೆಂದು ಕೇಳಿ. ಮಂಡಿಯ ಹಿಂದಿನ ಗುಳಿಯೂ ಅಲ್ಲಿಂದ ಕೆಳಗೆ ಇಳಿದಿರಬಹುದಾದ ಬೇಕರ್ ಸಿಸ್ಟ್ ಎಂಬ ದ್ರವದ ಚೀಲವೂ ಚಿತ್ರದೊಳಗೆ ಪೂರ್ತಿ ಬರಬೇಕು. ಅರ್ಧಕ್ಕೆ ಕತ್ತರಿಸಿದ ಚಿತ್ರ ಹಿಡಿದು ಶಸ್ತ್ರಚಿಕಿತ್ಸೆ ಯೋಜಿಸಿದರೆ ಗಡ್ಡೆಯೂ ಅರ್ಧವೇ ಹೊರಬರುತ್ತದೆ.

ಅದೇ ಕಪ್ಪು ನೆರಳನ್ನು ಹೀಮೊಫೀಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ, ಇರುವವರ ಮಂಡಿಯೂ ತೋರಿಸುತ್ತದೆ. ಹಲ್ಲು ಕೀಳಿಸಿದಾಗ ರಕ್ತ ನಿಲ್ಲದೆ ಹೋಗಿತ್ತೇ, ಮನೆತನದಲ್ಲಿ ಯಾರಿಗಾದರೂ ಹೀಗಿದೆಯೇ ಎಂದು ಕೇಳುವುದಕ್ಕೆ ಎರಡು ನಿಮಿಷ ಸಾಕು. ತೆಗೆದ ಕೀಲುದ್ರವವನ್ನು ಚೆಲ್ಲದೆ ಕೋಶಗಳ ಎಣಿಕೆ, ಹರಳುಗಳು ಮತ್ತು ಕ್ಷಯ ಸೇರಿದಂತೆ ಸೋಂಕಿನ ಕಲ್ಚರಿಗೆ ಕಳಿಸಬೇಕು. ಒಂದೇ ಮಂಡಿಯ ಕ್ಷಯ ಇದೇ ವೇಷದಲ್ಲಿ ಬರುತ್ತದೆ. ದ್ರವ ತಿಳಿಯಾಗಿದ್ದ ಮಾತ್ರಕ್ಕೆ ಟಿಜಿಸಿಟಿ ಇಲ್ಲವೆಂದೂ ಹೇಳುವಂತಿಲ್ಲ.

ಚಿತ್ರ ಸ್ಪಷ್ಟವಾಗಿದ್ದು ಶಸ್ತ್ರಚಿಕಿತ್ಸೆ ಹೇಗೂ ಆಗಲಿದ್ದರೆ, ತೆಗೆದ ಅಂಗಾಂಶವನ್ನೇ ಪರೀಕ್ಷೆಗೆ ಕಳಿಸಿದರೂ ನಡೆಯುತ್ತದೆ. ಸಂಶಯವಿದ್ದರೆ, ಕೀಲಿನ ಹೊರಗೆ ಗಂಟಿದ್ದರೆ, ಅಥವಾ ಮೊದಲು ಔಷಧ ಕೊಡುವ ಯೋಚನೆಯಿದ್ದರೆ ದಪ್ಪ ಸೂಜಿಯ ಬಯಾಪ್ಸಿ ಮಾಡಿಸಲೇಬೇಕು. ಸೂಜಿ ಎಲ್ಲಿಂದ ಒಳಹೋಗಬೇಕೆಂದು ಮುಂದೆ ಶಸ್ತ್ರಚಿಕಿತ್ಸೆ ಮಾಡುವವರೇ ಹೇಳಬೇಕು. ಅಕಸ್ಮಾತ್ ಅದು ಸಾರ್ಕೋಮಾ ಆಗಿದ್ದರೆ ಸೂಜಿಯ ದಾರಿಯನ್ನೂ ಗಡ್ಡೆಯ ಜೊತೆ ಕತ್ತರಿಸಿ ತೆಗೆಯಬೇಕಾಗುತ್ತದೆ.

ಈ ಹಂತದಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ಕೀಲಿನೊಳಗೆ ಸ್ಟಿರಾಯ್ಡ್ ಚುಚ್ಚುಮದ್ದನ್ನು ಮತ್ತೆಮತ್ತೆ ಕೊಡುತ್ತ ಹೋಗುವುದು. ಊತ ಕೆಲ ವಾರ ಇಳಿಯುತ್ತದೆ, ಗಡ್ಡೆ ಇದ್ದಲ್ಲೇ ಇರುತ್ತದೆ, ಕಾಲ ಕಳೆಯುತ್ತದೆ.

ಕತ್ತಿ ಹಿಡಿಯುವ ಮೊದಲು

ಬೇರೆ ಕಾರಣಕ್ಕೆ ತೆಗೆದ ಚಿತ್ರದಲ್ಲಿ ಗಡ್ಡೆ ಆಕಸ್ಮಿಕವಾಗಿ ಕಂಡಿದೆ, ನೋವಿಲ್ಲ, ಮಂಡಿ ಪೂರ್ತಿ ಬಾಗುತ್ತದೆ, ಮೂಳೆ ಮತ್ತು ಮೃದ್ವಸ್ಥಿ ಸರಿಯಾಗಿವೆ ಎಂದಾದರೆ ಆರು ತಿಂಗಳಿಗೊಮ್ಮೆ ಎಂಆರ್‌ಐ ತೆಗೆಸುತ್ತ ಕಾಯುವುದು ಒಪ್ಪಬಹುದಾದ ದಾರಿ. ಕೆಲವರಲ್ಲಿ ಇದು ವರ್ಷಗಟ್ಟಲೆ ಅಲುಗದೆ ಕೂರುತ್ತದೆ. ಮೂಳೆಯಲ್ಲಿ ಹೊಸ ಗುಳಿ, ಪದೇಪದೇ ರಕ್ತ ತುಂಬುವುದು, ಬಾಗುವಿಕೆ ಕಡಿಮೆಯಾಗುತ್ತ ಹೋಗುವುದು, ಇವುಗಳಲ್ಲಿ ಒಂದು ಕಂಡರೂ ಕಾಯುವುದನ್ನು ನಿಲ್ಲಿಸಬೇಕು.

ಶಸ್ತ್ರಚಿಕಿತ್ಸೆ ಬೇಕೆಂದಾದರೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಪೂರ್ತಿ ತೆಗೆಯುವ ಅವಕಾಶ ಮೊದಲ ಸಲಕ್ಕೇ ಹೆಚ್ಚು. ಎರಡನೆಯ ಸಲಕ್ಕೆ ಗಾಯದ ಕಲೆಗಟ್ಟಿದ ಅಂಗಾಂಶದಲ್ಲಿ ಗಡ್ಡೆ ಯಾವುದು, ಕಲೆ ಯಾವುದು ಎಂದು ಬಿಡಿಸುವುದೇ ಕಷ್ಟ, ನರ ಮತ್ತು ರಕ್ತನಾಳಗಳೂ ಅದಕ್ಕೆ ಅಂಟಿಕೊಂಡಿರುತ್ತವೆ. ಹರಡಿದ ಬಗೆಯಾದರೆ ಮೂಳೆ ಮತ್ತು ಮೃದು ಅಂಗಾಂಶದ ಗಡ್ಡೆಗಳನ್ನು ನಿತ್ಯ ನೋಡುವ ತಂಡದ ಬಳಿಗೆ ಹೋಗುವುದು ವಾಸಿ. ಮಂಡಿಯ ಹಿಂಭಾಗವನ್ನು ತೆರೆದು ತೆಗೆಯುತ್ತೀರಾ, ಮುಂದೆ ಹಿಂದೆ ಎರಡೂ ಒಂದೇ ಸಲವೇ ಅಥವಾ ಎರಡು ಕಂತಿನಲ್ಲಿಯೇ, ಈ ಗಡ್ಡೆಯನ್ನು ಎಷ್ಟು ಸಲ ತೆಗೆದಿದ್ದೀರಿ ಎಂದು ನೇರವಾಗಿ ಕೇಳಿ. ಇಂಥ ಪ್ರಶ್ನೆಗೆ ಅನುಭವಿ ವೈದ್ಯರು ಬೇಸರಪಡುವುದಿಲ್ಲ.

ಶಸ್ತ್ರಚಿಕಿತ್ಸೆ

ಒಂದೇ ಗಂಟಾಗಿದ್ದರೆ ಆರ್ಥ್ರೋಸ್ಕೋಪಿ ಸಾಕು: ಕಿರುಬೆರಳು ತೂರದಷ್ಟು ಚಿಕ್ಕ ರಂಧ್ರಗಳ ಮೂಲಕ ಗಂಟನ್ನು ತೊಟ್ಟಿನ ಸಮೇತ, ಸುತ್ತಲಿನ ಸ್ವಲ್ಪ ಒಳಪೊರೆಯನ್ನೂ ಸೇರಿಸಿ ತೆಗೆಯುತ್ತಾರೆ. ಗಂಟನ್ನು ಒಳಗೇ ಪುಡಿಮಾಡಿ ಹೀರುವುದಕ್ಕಿಂತ ಇಡಿಯಾಗಿ ಚೀಲದಲ್ಲಿಟ್ಟು ಹೊರತೆಗೆಯುವುದು ಒಳ್ಳೆಯದು. ರಂಧ್ರದ ಜಾಗದಲ್ಲೇ ಗಡ್ಡೆ ಮತ್ತೆ ಬೆಳೆದ ಉದಾಹರಣೆಗಳಿವೆ.

ಹರಡಿದ ಬಗೆಯಲ್ಲಿ ಮಂಡಿಯನ್ನು ಕೋಣೆ ಕೋಣೆಯಾಗಿ ಬಿಡಿಸಬೇಕು. ಮುಂಭಾಗದ ಪಟ್ಟಿ ಇದು: ಮಂಡಿಚಿಪ್ಪಿನ ಮೇಲಿನ ಚೀಲ, ಎರಡೂ ಬದಿಯ ಓಣಿಗಳು, ಚಿಪ್ಪಿನ ಕೆಳಗಿನ ಕೊಬ್ಬಿನ ದಿಂಬು, ಎರಡು ಕ್ರೂಸಿಯೇಟ್ ಲಿಗಮೆಂಟುಗಳ ಸುತ್ತ, ಮೆನಿಸ್ಕಸ್‌ಗಳ ಅಡಿ, ಪಾಪ್ಲಿಟಿಯಸ್ ಸ್ನಾಯುರಜ್ಜು ಹಾಯುವ ಕಿಂಡಿ. ಕೊನೆಯ ಎರಡು ಜಾಗಗಳು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ, ಗಡ್ಡೆ ಉಳಿದುಹೋಗುವುದೂ ಅಲ್ಲಿಯೇ. ಮುಂಭಾಗವನ್ನು ಆರ್ಥ್ರೋಸ್ಕೋಪಿಯಿಂದ ಚೆನ್ನಾಗಿ ಮಾಡಬಹುದು, ಆದರೆ ಎರಡು ರಂಧ್ರ ಸಾಲದು; ಮೇಲೆ ಮತ್ತು ಬದಿಗಳಲ್ಲಿ ಇನ್ನಷ್ಟು ಬೇಕು. ಗಡ್ಡೆ ದಪ್ಪಗಿದ್ದರೆ ಚಿಪ್ಪಿನ ಒಳಬದಿಯಲ್ಲಿ ಉದ್ದಕ್ಕೆ ಸೀಳಿ ತೆರೆಯುವುದೇ ಸರಿ. ಮೂಳೆಯಲ್ಲಿ ಗುಳಿಗಳಿದ್ದರೆ ಕೆರೆದು ಸ್ವಚ್ಛಮಾಡಬೇಕು, ದೊಡ್ಡದಾದರೆ ಮೂಳೆಪುಡಿ ತುಂಬುತ್ತಾರೆ.

ಹಿಂಭಾಗವೇ ಪರೀಕ್ಷೆ. ಹಿಂದಿನ ಕ್ರೂಸಿಯೇಟ್ ಲಿಗಮೆಂಟಿನ ಆಚೆಯ ಎರಡು ಕೋಣೆಗಳಿಗೆ ಹಿಂದಿನ ರಂಧ್ರಗಳಿಂದ, ನಡುವಿನ ಪರದೆ ಸೀಳಿ ಆರ್ಥ್ರೋಸ್ಕೋಪಿಯಲ್ಲೇ ತಲುಪುವ ನುರಿತ ಕೈಗಳಿವೆ. ಗಡ್ಡೆ ಕೀಲಿನ ಹೊರಗೆ ಬಂದಿದ್ದರೆ ಮಾತ್ರ ತೆರೆಯದೆ ಗತಿಯಿಲ್ಲ. ರೋಗಿಯನ್ನು ಬೋರಲು ಮಲಗಿಸಿ, ಮಂಡಿಯ ಹಿಂದೆ ಸುಮಾರು 10ರಿಂದ 15 ಸೆಂಟಿಮೀಟರ್ ಉದ್ದದ, ಅಂಕುಡೊಂಕಾದ ಸೀಳು ಹಾಕುತ್ತಾರೆ. ಮಡಿಕೆಯ ಮೇಲೆ ನೇರ ಗೆರೆ ಎಳೆದರೆ ಒಣಗುವಾಗ ಕಲೆ ಸೆಳೆದು ಕಾಲು ನೇರವಾಗದಂತೆ ಹಿಡಿದುಬಿಡುತ್ತದೆ, ಅದಕ್ಕೇ ಈ ಡೊಂಕು. ಚರ್ಮದ ಕೆಳಗಿನ ಸಣ್ಣ ಅಭಿಧಮನಿ ಮತ್ತು ಅದರ ಪಕ್ಕದ ಚರ್ಮದ ನರವನ್ನು ಹಿಡಿದು ಮೇಲಕ್ಕೆ ಹೋದರೆ ದೊಡ್ಡ ಟಿಬಿಯಲ್ ನರ ಸಿಗುತ್ತದೆ. ಮೇಲೆ ನರ, ನಡುವೆ ಅಭಿಧಮನಿ, ಎಲ್ಲಕ್ಕಿಂತ ಆಳದಲ್ಲಿ, ಕೀಲಿಗೆ ಅಂಟಿದಂತೆ ಅಪಧಮನಿ, ಇದು ಅಲ್ಲಿಯ ಕ್ರಮ. ಮೀನಖಂಡದ ಸ್ನಾಯುವಿನ ಒಳತಲೆಯನ್ನು ಹೊಲಿಯಲು ಸ್ವಲ್ಪ ಬುಡ ಉಳಿಸಿ ಕತ್ತರಿಸಿ ಹೊರಬದಿಗೆ ಸರಿಸಿದರೆ ಅದೇ ಆ ನರನಾಳಗಳಿಗೆ ಗುರಾಣಿಯಾಗುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಮತ್ತೆ ಹೊಲಿಯುತ್ತಾರೆ.

ರಕ್ತ ಹರಿಯದಂತೆ ತೊಡೆಗೆ ಬಿಗಿಯುವ ಪಟ್ಟಿ, ಅಂದರೆ ಟೂರ್ನಿಕೆಟ್, ಎರಡು ಗಂಟೆ ಮೀರಬಾರದು. ಮುಚ್ಚುವ ಮೊದಲು ಅದನ್ನು ಸಡಿಲಿಸಿ ರಕ್ತ ಒಸರುವ ಜಾಗಗಳನ್ನೆಲ್ಲ ಸುಟ್ಟು ನಿಲ್ಲಿಸಬೇಕು. ಒಳಪೊರೆ ಸುಲಿದ ಮಂಡಿ ಎಲ್ಲ ಕಡೆಯಿಂದ ಒಸರುತ್ತದೆ. ಈ ಹೆಜ್ಜೆಯಲ್ಲಿ ಅವಸರಪಟ್ಟರೆ ಮರುದಿನ ಮಂಡಿ ರಕ್ತದಿಂದ ಬಿಗಿದು ಬಾಗುವುದೇ ಇಲ್ಲ.

ಎರಡು ಭಾಗವನ್ನೂ ಒಂದೇ ದಿನ ಮಾಡಿದರೆ ಅರಿವಳಿಕೆ ಒಂದೇ ಸಲ, ಆದರೆ ನಂತರದ ನೋವು ಮತ್ತು ಬಿಗಿತ ಹೆಚ್ಚು. ಎರಡು ಕಂತು ಮಾಡಿದರೆ ಮೊದಲನೆಯದರ ಬಾಗುವಿಕೆ ಮರಳುವವರೆಗೆ ಎರಡನೆಯದಕ್ಕೆ ಕಾಯಬೇಕು. ಯಾವುದು ಸರಿ ಎಂಬುದು ಗಡ್ಡೆಯ ಗಾತ್ರವನ್ನೂ ವ್ಯಾಯಾಮ ಮಾಡಬಲ್ಲ ರೋಗಿಯ ಶಕ್ತಿಯನ್ನೂ ನೋಡಿ ತೀರ್ಮಾನಿಸುವಂಥದ್ದು. ಇಷ್ಟೆಲ್ಲ ಮಾಡಿದರೂ ಹರಡಿದ ಬಗೆ ಮರುಕಳಿಸುವುದು ಸಾಮಾನ್ಯ ಎಂಬುದನ್ನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ರೋಗಿಗೆ ಹೇಳಿರಬೇಕು.

ಮೊದಲ ಆರು ವಾರ

ಎಲುಬು ಕಸಿ ಅಥವಾ ಬೇರೆ ರಿಪೇರಿ ಇಲ್ಲದಿದ್ದರೆ, ಊರುಗೋಲು ಹಿಡಿದು ತಾಳುವಷ್ಟು ಭಾರ ಹಾಕುತ್ತ ಮರುದಿನವೇ ನಡೆಸುತ್ತಾರೆ. ಕಾಲು ನೇರವಾಗುವುದು ಮೊದಲ ಗುರಿ, ಬಾಗುವುದು ಎರಡನೆಯದು. ಮಲಗುವಾಗ ಮಂಡಿಯ ಕೆಳಗೆ ದಿಂಬು ಇಡಬೇಡಿ. ಹಾಯೆನಿಸುತ್ತದೆ ನಿಜ, ಎರಡು ವಾರದಲ್ಲಿ ಕಾಲು ಡೊಂಕಾಗಿ ನಿಲ್ಲುತ್ತದೆ. ದಿಂಬು ಇಡುವುದಾದರೆ ಹಿಮ್ಮಡಿಯ ಕೆಳಗೆ ಇಡಿ.

ತೊಡೆಯ ಮುಂದಿನ ಸ್ನಾಯುವನ್ನು ಬಿಗಿದು 5 ಸೆಕೆಂಡ್ ಹಿಡಿದು ಬಿಡುವುದು, ಹೀಗೆ 10 ಸಲ. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತ ಮಂಡಿ ಮಡಿಸುವುದು 10 ಸಲ. ಕಾಲನ್ನು ನೇರವಾಗಿಯೇ ಎತ್ತುವುದು 10 ಸಲ. ಎಚ್ಚರವಿರುವ ಹೊತ್ತಿನಲ್ಲಿ ಎರಡು ಗಂಟೆಗೊಮ್ಮೆ. ನಂತರ ಬಟ್ಟೆಯಲ್ಲಿ ಸುತ್ತಿದ ಐಸ್ 15ರಿಂದ 20 ನಿಮಿಷ. ಎರಡು ವಾರದ ಹೊತ್ತಿಗೆ ಕಾಲು ಪೂರ್ತಿ ನೇರ ಮತ್ತು 90 ಡಿಗ್ರಿ ಬಾಗುವಿಕೆ, ಆರು ವಾರಕ್ಕೆ 120ರ ಆಸುಪಾಸು ಎಂದು ಇಟ್ಟುಕೊಳ್ಳಿ. ಮೀನಖಂಡದ ಸ್ನಾಯುವನ್ನು ಕತ್ತರಿಸಿ ಹೊಲಿದಿದ್ದರೆ ತುದಿಗಾಲಲ್ಲಿ ನಿಲ್ಲುವುದು, ಕಾಲು ನೇರವಿಟ್ಟು ಪಾದವನ್ನು ಬಲವಾಗಿ ಮೇಲಕ್ಕೆ ಎಳೆಯುವುದು ಸುಮಾರು ಆರು ವಾರ ಬೇಡ. ಆರು ವಾರವಾದರೂ 90 ದಾಟದಿದ್ದರೆ ತಡಮಾಡದೆ ಅರಿವಳಿಕೆ ಕೊಟ್ಟು ಮಂಡಿ ಬಗ್ಗಿಸುವ ಬಗ್ಗೆ ಮಾತಾಡಬೇಕು. ಮೂರು ತಿಂಗಳು ಕಳೆದ ಮೇಲೆ ಒಳಗಿನ ಅಂಟು ಗಟ್ಟಿಯಾಗಿ, ಬಲವಂತ ಮಾಡಿದರೆ ಮೂಳೆಯೇ ಮುರಿಯಬಹುದು.

ಮೀನಖಂಡ ಊದಿ ನೋಯುವುದು, ಉಸಿರು ಕಟ್ಟುವುದು, ಪಾದ ಮೇಲೆತ್ತಲು ಬಾರದಿರುವುದು, ಪಾದ ತಣ್ಣಗಾಗಿ ಬಿಳಿಚಿಕೊಳ್ಳುವುದು, ಗಾಯದಿಂದ ಕೀವು ಅಥವಾ ಜ್ವರ: ಇವುಗಳಿಗೆ ಮುಂದಿನ ಭೇಟಿಯವರೆಗೆ ಕಾಯಬಾರದು, ಆಗಲೇ ಆಸ್ಪತ್ರೆಗೆ ಹೋಗಬೇಕು.

ಔಷಧ

ಮೊದಲೇ ಹೇಳಿದ ನೆಂಟರ ಕಥೆಯ ಉಪಯೋಗ ಇಲ್ಲಿ. ಮ್ಯಾಕ್ರೊಫೇಜ್‌ಗಳು ಬರುವುದು ಸಿಎಸ್‌ಎಫ್1ರ ಕರೆಗೆ. ಆ ಕರೆ ಕೇಳುವ ಗ್ರಾಹಕವನ್ನೇ ಮುಚ್ಚಿದರೆ ನೆಂಟರು ಖಾಲಿಯಾಗಿ ಗಡ್ಡೆ ಕುಗ್ಗುತ್ತದೆ. ಮೂಲದ ಕೋಶಗಳು ಹಾಗೇ ಉಳಿಯುವುದರಿಂದ ಔಷಧ ನಿಲ್ಲಿಸಿದ ಮೇಲೆ ಕೆಲವರಲ್ಲಿ ಮತ್ತೆ ಬೆಳೆಯುತ್ತದೆ. ಹಾಗಾಗಿ ಇದನ್ನು ಬೇರುಸಹಿತ ಕೀಳುವ ಚಿಕಿತ್ಸೆಯೆಂದು ತಿಳಿಯಬಾರದು. ಶಸ್ತ್ರಚಿಕಿತ್ಸೆಯಿಂದ ಲಾಭಕ್ಕಿಂತ ಹಾನಿಯೇ ಹೆಚ್ಚೆಂದು ಕಂಡಾಗ, ಅಥವಾ ಪದೇಪದೇ ಮರುಕಳಿಸಿ ನೋವು ಮತ್ತು ಬಿಗಿತ ಕಾಡುವಾಗ ಇದರ ಸರದಿ.

ಹೀಗೆ ಗ್ರಾಹಕ ಮುಚ್ಚುವ ಪೆಕ್ಸಿಡಾರ್ಟಿನಿಬ್ ಎಂಬ ಔಷಧಕ್ಕೆ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ 2019ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಯುರೋಪಿನ ನಿಯಂತ್ರಕರು 2020ರಲ್ಲಿ ನಿರಾಕರಿಸಿದರು. ಒಪ್ಪಿಗೆಗೆ ಆಧಾರವಾದ ಪ್ರಯೋಗದಲ್ಲಿ 25ನೇ ವಾರಕ್ಕೆ ಶೇ 39 ಮಂದಿಯಲ್ಲಿ ಗಡ್ಡೆ ಗಣನೀಯವಾಗಿ ಕುಗ್ಗಿತು, ಹುಸಿಮಾತ್ರೆ ತೆಗೆದುಕೊಂಡವರಲ್ಲಿ ಯಾರಿಗೂ ಇಲ್ಲ. ನಿರಾಕರಣೆಗೆ ದೊಡ್ಡ ಕಾರಣ ಲಿವರ್: ಪಿತ್ತನಾಳಗಳಿಗೆ ಆಗುವ ಹಾನಿ ಅಪರೂಪ, ಆದರೂ ಆದಾಗ ಗಂಭೀರ. ಈಗಿನ ಪ್ರಮಾಣ 250 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 11ರಿಂದ 14 ಗ್ರಾಂ ಕೊಬ್ಬಿರುವ ಲಘು ಊಟದ ಜೊತೆ. ಜಿಡ್ಡಿನ ಊಟದ ಮೇಲೆ ನುಂಗಿದರೆ ರಕ್ತದಲ್ಲಿ ಔಷಧದ ಮಟ್ಟ ಏರುತ್ತದೆ, ಅದರ ಜೊತೆಗೇ ಲಿವರಿನ ಅಪಾಯವೂ. ಹೊಟ್ಟೆಯ ಆಮ್ಲ ತಗ್ಗಿಸುವ ಒಮೆಪ್ರಜೋಲ್ ಜಾತಿಯ ಮಾತ್ರೆಗಳು ಇದರ ಹೀರುವಿಕೆಯನ್ನೇ ಕಡಿಮೆ ಮಾಡುತ್ತವೆ, ಅವು ಕೂಡದು. ಶುರುಮಾಡುವ ಮೊದಲು ಒಮ್ಮೆ, ಮೊದಲ 8 ವಾರ ವಾರಕ್ಕೊಮ್ಮೆ, ಮುಂದಿನ ತಿಂಗಳು ಎರಡು ವಾರಕ್ಕೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಲಿವರ್ ಪರೀಕ್ಷೆ. ಒಂದನ್ನೂ ತಪ್ಪಿಸುವಂತಿಲ್ಲ. ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ ಮಾತ್ರೆ ನಿಲ್ಲಿಸಿ ಅಂದೇ ವೈದ್ಯರಿಗೆ ತಿಳಿಸಬೇಕು. ಕೂದಲ ಬಣ್ಣ ಬಿಳಿಚಿಕೊಳ್ಳುವುದು ಬಹಳ ಮಂದಿಯಲ್ಲಿ ಕಾಣುತ್ತದೆ. ನೋಡಲು ವಿಚಿತ್ರ, ಅಪಾಯವಿಲ್ಲ.

ಇದೇ ಬಗೆಯ ಇನ್ನೊಂದು ಔಷಧ ವಿಮ್ಸೆಲ್ಟಿನಿಬ್‌ಗೆ 2025ರ ಫೆಬ್ರುವರಿಯಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ವಾರಕ್ಕೆ ಎರಡೇ ಸಲ, 30 ಮಿಲಿಗ್ರಾಂ. ಎರಡು ಸಲದ ನಡುವೆ ಕಡಿಮೆಯೆಂದರೂ 72 ಗಂಟೆ ಅಂತರ. ಸೋಮವಾರ ಮತ್ತು ಗುರುವಾರ ಎಂದು ಗೊತ್ತುಮಾಡಿಕೊಂಡರೆ ಮರೆಯುವುದಿಲ್ಲ. ಅದರ ಪ್ರಯೋಗದಲ್ಲಿ ಶೇ 40 ಮಂದಿಗೆ ಗಡ್ಡೆ ಕುಗ್ಗಿತು. ಕಣ್ಣಿನ ಸುತ್ತ ಊತ, ಸುಸ್ತು, ತುರಿಕೆ, ಚರ್ಮದ ಮೇಲೆ ದದ್ದು ಸಾಮಾನ್ಯ. ಬೆಳಗ್ಗೆ ಕಣ್ಣು ಊದಿ ಏಳುವುದು ಹೆಚ್ಚಿನವರನ್ನು ಬೆದರಿಸುತ್ತದೆ. ಇದೇ ಮಾರ್ಗದ ಮೇಲೆ ಕೆಲಸಮಾಡುವ ಔಷಧಗಳೆಲ್ಲದರ ಗುರುತು ಅದು. ಲಿವರ್ ಕಿಣ್ವಗಳನ್ನು ಇದರಲ್ಲೂ ನೋಡುತ್ತಿರಬೇಕು. ಎರಡೂ ಔಷಧ ಗರ್ಭದ ಮಗುವಿಗೆ ಹಾನಿ ಮಾಡಬಲ್ಲವು, ಆದ್ದರಿಂದ ಗರ್ಭನಿರೋಧದ ಮಾತು ಮೊದಲ ಮಾತ್ರೆಗಿಂತ ಮುಂಚೆಯೇ ಆಗಬೇಕು. ಈ ಔಷಧಗಳು ಸಿಗದಲ್ಲಿ ಇಮ್ಯಾಟಿನಿಬ್ ಬಳಸಿದ್ದುಂಟು; ಗಡ್ಡೆ ಕುಗ್ಗುವುದು ಕಡಿಮೆ ಜನರಲ್ಲಿ, ನೋವು ಇಳಿಯುವುದು ಅದಕ್ಕಿಂತ ಹೆಚ್ಚು ಜನರಲ್ಲಿ.

ಗಾತ್ರದ ಅಳತೆಯೊಂದನ್ನೇ ನೋಡಿ ಔಷಧ ನಾಟಿತೋ ಇಲ್ಲವೋ ಎಂದು ಹೇಳುವುದು ಸರಿಯಲ್ಲ. ನೋವು, ಬಿಗಿತ, ಮಂಡಿ ಎಷ್ಟು ಡಿಗ್ರಿ ಬಾಗುತ್ತದೆ ಎಂಬುದನ್ನು ಶುರುವಿನಲ್ಲೂ ಆಮೇಲೆ ತಿಂಗಳಿಗೊಮ್ಮೆಯೂ ಬರೆದಿಡಿ.

ವಿಕಿರಣ, ಕೃತಕ ಮಂಡಿ

ವಿಕಿರಣದ ಬಗ್ಗೆ ನಮ್ಮ ಉತ್ಸಾಹ ಕಡಿಮೆ. ಹೊರಗಿನಿಂದ 30ರಿಂದ 36 ಗ್ರೇ ಆಸುಪಾಸಿನ ಪ್ರಮಾಣ ಕೊಡುವುದಿತ್ತು. ಎಳೆಯ ವಯಸ್ಸಿನಲ್ಲಿ, ಕ್ಯಾನ್ಸರ್ ಅಲ್ಲದ ಕಾಯಿಲೆಗೆ, ಮುಂದೆಂದೋ ಅಲ್ಲೇ ಸಾರ್ಕೋಮಾ ಹುಟ್ಟುವ ಅಪಾಯ ಹೊರುವುದು ಸುಲಭದ ತೀರ್ಮಾನವಲ್ಲ. ಕೀಲಿನೊಳಗೆ ಇಟ್ರಿಯಂ 90 ಎಂಬ ವಿಕಿರಣಶೀಲ ವಸ್ತುವಿನ ದ್ರವ ಚುಚ್ಚುವ ಕ್ರಮವೂ ಇದೆ, ಮಂಡಿಗೆ ಸಾಮಾನ್ಯವಾಗಿ 185 ಮೆಗಾಬೆಕರೆಲ್, ಶಸ್ತ್ರಚಿಕಿತ್ಸೆಯಾಗಿ 6ರಿಂದ 8 ವಾರಕ್ಕೆ. ಅದರ ಕಿರಣ ಅಂಗಾಂಶದಲ್ಲಿ ಸರಾಸರಿ 4 ಮಿಲಿಮೀಟರಿಗಿಂತ ಆಳಕ್ಕೆ ಇಳಿಯದು, ಆದ್ದರಿಂದ ಉಳಿದ ದಪ್ಪ ಗಂಟಿಗೆ ಅದರಿಂದ ಏನೂ ಆಗದು. ದ್ರವ ಸೂಜಿಯ ದಾರಿಯಲ್ಲಿ ಸೋರಿದರೆ ಚರ್ಮ ಸತ್ತು ಹುಣ್ಣಾಗುತ್ತದೆ.

ಮೃದ್ವಸ್ಥಿ ಪೂರ್ತಿ ಸವೆದಿದ್ದರೆ ಕೃತಕ ಮಂಡಿಯೇ ದಾರಿ. ಮೂಳೆ ಕತ್ತರಿಸಿದ ಮೇಲೆ ಹಿಂಭಾಗ ತೆರೆದು ಕಾಣುವುದರಿಂದ ಅಲ್ಲಿನ ಒಳಪೊರೆಯನ್ನು ತೆಗೆಯಲು ಅದೇ ಒಳ್ಳೆಯ ಸಮಯ.

ಮರುತಪಾಸಣೆ

ಶಸ್ತ್ರಚಿಕಿತ್ಸೆಯಾಗಿ 3ರಿಂದ 6 ತಿಂಗಳ ನಡುವೆ ಒಂದು ಎಂಆರ್‌ಐ ತೆಗೆಸಿ. ಅದಕ್ಕಿಂತ ಮುಂಚೆ ತೆಗೆದರೆ ಗಾಯದ ಊತ ಮತ್ತು ಹೆಪ್ಪುಗಟ್ಟಿದ ರಕ್ತ ಗಡ್ಡೆಯಂತೆಯೇ ಕಂಡು ದಾರಿ ತಪ್ಪಿಸುತ್ತವೆ. ಹರಡಿದ ಬಗೆಗೆ ಎರಡು ವರ್ಷ ಆರು ತಿಂಗಳಿಗೊಮ್ಮೆ, ಮುಂದೆ ಐದು ವರ್ಷದವರೆಗೆ ವರ್ಷಕ್ಕೊಮ್ಮೆ. ಒಂದೇ ಗಂಟಾಗಿದ್ದು ಪೂರ್ತಿ ತೆಗೆದಿದ್ದರೆ ತೊಂದರೆ ಕಂಡಾಗ ಮಾತ್ರ ಸಾಕು. ಪ್ರತಿ ಸಲವೂ ಸಾಧ್ಯವಾದಷ್ಟು ಅದೇ ಯಂತ್ರದಲ್ಲಿ, ಅದೇ ಕ್ರಮದಲ್ಲಿ ತೆಗೆಸಿ, ಹಳೆಯ ಚಿತ್ರಗಳ ಸಿಡಿಯನ್ನು ಜೊತೆಗೇ ಒಯ್ಯಿರಿ. ಕೇವಲ ವರದಿಯ ಕಾಗದ ಕೊಟ್ಟರೆ ಹೋಲಿಸಿ ನೋಡಲಾಗುವುದಿಲ್ಲ. ಚಿತ್ರದಲ್ಲಿ ಕಪ್ಪು ಉಳಿದಿದೆ, ಆದರೆ ಹಿಂದಿನದಕ್ಕಿಂತ ಹಿಗ್ಗಿಲ್ಲ, ಮಂಡಿಯೂ ನೆಮ್ಮದಿಯಾಗಿದೆ ಎಂದಾದರೆ ಆ ಕಪ್ಪನ್ನು ಬೆನ್ನಟ್ಟಿ ಮತ್ತೆ ಕತ್ತಿ ಹಾಕಿಸಬೇಡಿ. ಆರು ತಿಂಗಳ ನಂತರದ ಚಿತ್ರ ಬರಲಿ.